ಹತ್ತರಲ್ಲಿ ಎಂಟು

ಆ ಬೀದಿಯಲ್ಲಿ ತೆರಿಗೆ ಕಟ್ಟುವುದೆಂದರೆ ಕಂಕುಳಲ್ಲಿ ಕೊಡೆ ಇಟ್ಟುಕೊಂಡು ಮಳೆಯಲ್ಲಿ ನೆನೆದ ಹಾಗೆ. ಪಾಪವೇನಲ್ಲ, ಆದರೆ ನೋಡಿದವರು ನಗದೆ ಬಿಡುವುದಿಲ್ಲ. ಹಿಂದೊಮ್ಮೆ ಚಪ್ಪಲಿ ಅಂಗಡಿಯವನು ಅಂಗಡಿ ತೆರೆದ ಮೊದಲ ವರ್ಷವೇ ನಿಯತ್ತಾಗಿ ಹೋಗಿ ತೆರಿಗೆ ಕಟ್ಟಿ ಬಂದ. ಬಂದವನು ಸುಮ್ಮನಿರಬಾರದೆ? ಅದನ್ನು ಬಾಯಿಬಿಟ್ಟು ಹೇಳಿಕೊಂಡ. ಆವತ್ತಿನಿಂದ ಅವನ ಹೆಸರು ಹರಿಶ್ಚಂದ್ರ. ಬೇಕರಿಯವನು ಬನ್ನು ಕಟ್ಟಿಕೊಡುವಾಗ, "ಹರಿಶ್ಚಂದ್ರರೇ, ಒಂದು ಜಾಸ್ತಿ ಹಾಕಿದೀನಿ, ಅದಕ್ಕೂ ತೆರಿಗೆ ಕಟ್ಟಿಬಿಡಿ" ಅನ್ನುವನು. ಕ್ಷೌರದಂಗಡಿಯಲ್ಲಿ ಅವನು ಕುರ್ಚಿ ಹತ್ತಿದರೆ ಬೆಂಚಿನ ಮೇಲೆ ಕೂತವರೆಲ್ಲ ಎದ್ದು ನಿಂತು ಸಲಾಮು ಹೊಡೆಯುವರು. ಮರುವರ್ಷದಿಂದ ಅವನೂ ಕಟ್ಟುವುದನ್ನು ಬಿಟ್ಟ. ಹೆಸರು ಮಾತ್ರ ಅವನನ್ನು ಬಿಡಲಿಲ್ಲ.

ಬಣ್ಣದಕ್ಕನ ಅಂಗಡಿ ಇದ್ದದ್ದು ಆ ಬೀದಿಯ ನಡುಮಧ್ಯೆ. ಅಂಗಡಿ ಅನ್ನುವುದಕ್ಕಿಂತ ಎರಡು ಗೋಡೆಗಳ ನಡುವೆ ಮಿಕ್ಕಿಹೋದ ಜಾಗ ಅಂದರೆ ಸರಿ. ಉದ್ದನೆಯ ಬೋರ್ಡು ಬಂದರೆ ಅರ್ಧ ಒಳಗೆ, ಅರ್ಧ ಫುಟ್‌ಪಾತಿನ ಮೇಲೆ. ಬೋರ್ಡು ಬರೆಯುವುದು ಅಪ್ಪನಿಂದ ಕಲಿತ ಕಸುಬು. ಬೇಕರಿಯ ಹೆಸರು, ಚಪ್ಪಲಿ ಅಂಗಡಿಯ ಹೆಸರು, ಕ್ಷೌರದಂಗಡಿಯ ಗಾಜಿನ ಮೇಲಿನ ಕತ್ತರಿಯ ಚಿತ್ರ, ಎಲ್ಲವೂ ಅವಳ ಕೈಯಿಂದಲೇ ಬಂದವು. ಈಗೀಗ ಜನ ಮೆಷಿನ್ನಿನಲ್ಲಿ ಪ್ರಿಂಟು ಹಾಕಿಸಿಕೊಂಡು ಬರುತ್ತಿದ್ದರಿಂದ ಅವಳಿಗೆ ಹೊಸ ಬೋರ್ಡಿಗಿಂತ ಹಳೆಯದಕ್ಕೆ ಬಣ್ಣ ತಿದ್ದುವ ಕೆಲಸವೇ ಹೆಚ್ಚು.

ಪಕ್ಕದ ಅಂಗಡಿ ಅವಳ ಒಡಹುಟ್ಟಿದ ಅಣ್ಣನದು. ಬೀಗ ರಿಪೇರಿ, ನಕಲಿ ಕೀಲಿಕೈ. ಬೀದಿಗೆಲ್ಲ ಅವನು ಬೀಗದಣ್ಣ. ನಡುವಿನ ಗೋಡೆ ಎಷ್ಟು ತೆಳುವೆಂದರೆ, ಅತ್ತ ಅವನು ಅರ ಹಿಡಿದು ಉಜ್ಜುವ ಸದ್ದಿನಲ್ಲೇ ಕೀಲಿ ಬೀರುವಿನದೋ ಮುಂಬಾಗಿಲಿನದೋ ಎಂದು ಇತ್ತ ಇವಳು ಹೇಳಬಲ್ಲಳು. ಅವನು ಮಾತಿಗೆ ನಿಂತರೆ ಬೀದಿಯೇ ನಿಲ್ಲುತ್ತಿತ್ತು. ಯಾರದಾದರೂ ಜಗಳ, ಯಾರದಾದರೂ ಪಾಲು, ಎಲ್ಲದಕ್ಕೂ ಬೀಗದಣ್ಣನೇ ಬರಬೇಕು.

ಆ ವರ್ಷ ಬೇಕರಿಯ ಮುಂದೆ ಚರಂಡಿಯ ಚಪ್ಪಡಿ ಒಡೆಯಿತು. ಕೊಳಕು ನೀರು ಮೇಲೆ ಬಂದು ನಿಂತಿತು. ಬ್ರೆಡ್ಡು ಕೊಳ್ಳಲು ಬಂದವರು ಮೂಗು ಮುಚ್ಚಿಕೊಂಡು ಎದುರು ಸಾಲಿನಲ್ಲಿ ದಾಟಿಹೋಗತೊಡಗಿದರು. ನಗರಸಭೆಗೆ ಹೇಳಿದ್ದೂ ಹೇಳಿದ್ದೇ, ಅವರು ಕೇಳಿದ್ದೂ ಕೇಳಿದ್ದೇ; ನೀರು ಮಾತ್ರ ಅಲ್ಲೇ. ಕೊನೆಗೆ ಬೀಗದಣ್ಣ ಎಲ್ಲರನ್ನೂ ತನ್ನ ಅಂಗಡಿಯ ಮುಂದೆ ಸೇರಿಸಿದ.

"ನೋಡ್ರಪ್ಪ," ಅಂದ, "ಇಷ್ಟು ದಿನ ಕಳ್ಳರ ಥರ ತೆರಿಗೆ ಕಟ್ಟದೆ ಇದ್ವಿ. ಇನ್ನು ಮೇಲೆ ಗಂಡಸರ ಥರ ಕಟ್ಟದೆ ಇರೋಣ. ಚರಂಡಿ ಸರಿಯಾಗೋವರೆಗೂ ಯಾರೂ ಬಿಡಿಗಾಸು ಕೊಡಬಾರದು. ಕೇಳೋಕೆ ಬಂದರೆ ಮುಖಕ್ಕೆ ಹೊಡೆದ ಹಾಗೆ ಹೇಳೋಣ."

"ಅಣ್ಣ, ನಾನು?" ಅಂದಳು ಬಣ್ಣದಕ್ಕ.

"ನೀನೂ ಅಷ್ಟೆ ಕಣೇ, ಗಂಡಸರ ಥರ!"

ಎಲ್ಲರೂ ನಕ್ಕರು. ನಗುನಗುತ್ತಲೇ ಒಬ್ಬೊಬ್ಬರಾಗಿ ಅವನ ಕೈ ಮೇಲೆ ಕೈಯಿಟ್ಟು ಮಾತು ಕೊಟ್ಟರು. ಹರಿಶ್ಚಂದ್ರ ಕೈಯಿಟ್ಟಾಗ ಬೇಕರಿಯವನು, "ಇದು ಬಲಗೈ ತಾನೆ?" ಎಂದು ಬಗ್ಗಿ ನೋಡಿದ.

ಇದಾಗಿ ಸ್ವಲ್ಪ ದಿನಕ್ಕೆ ನಗರಸಭೆಯ ತೆರಿಗೆ ಕಚೇರಿಯಿಂದ ಒಬ್ಬ ಅಧಿಕಾರಿ ಬಣ್ಣದಕ್ಕನ ಅಂಗಡಿಗೆ ಬಂದ. ಸಣಕಲು ಆಳು, ಮೆತ್ತನೆ ದನಿ. ಮಾತು ಮಾತಿಗೂ ಕನ್ನಡಕ ತೆಗೆದು ಒರೆಸುವ ಅಭ್ಯಾಸ. ಬೀದಿಯ ತಲೆಯಲ್ಲಿ ನಿಲ್ಲಿಸಲು ಒಂದು ತಗಡಿನ ಬೋರ್ಡು ಬೇಕಂತೆ. ಪ್ರಿಂಟು ಹಾಕಿಸಿದ್ದನ್ನು ಯಾರೂ ಓದುವುದಿಲ್ಲ, ಕೈಯಲ್ಲಿ ಬರೆದದ್ದಾದರೆ ನಿಂತು ನೋಡುತ್ತಾರೆ ಅಂದ. ಅವಳಿಗೆ ಆ ಮಾತು ಹಿತವಾಯಿತು. ಆದರೂ ಗೋಡೆಯಾಚೆಗೆ ಹೋಗಿ ಅಣ್ಣನನ್ನು ಕೇಳಿ ಬಂದಳು.

"ಬರಿ, ಬರಿ," ಅಂದಿದ್ದ ಬೀಗದಣ್ಣ. "ಬರೆಯೋದು ಬೇರೆ, ಕಟ್ಟೋದು ಬೇರೆ. ಅವರ ಕಾಸಲ್ಲೇ ನಮಗೆಲ್ಲ ಟೀ ಕುಡಿಸು."

ಬರೆಯಬೇಕಾದ ಮಾತನ್ನು ಅಧಿಕಾರಿ ಬಾಯಲ್ಲೇ ಹೇಳಿದ, ನಿಧಾನವಾಗಿ, ಎರಡು ಸಲ: "ಈ ಮಾರುಕಟ್ಟೆ ವಿಭಾಗದ ಹತ್ತು ವರ್ತಕರಲ್ಲಿ ಎಂಟು ಮಂದಿ ಈಗಾಗಲೇ ತೆರಿಗೆ ಕಟ್ಟಿದ್ದಾರೆ. ನೀವು?" ಮಾರುಕಟ್ಟೆ ವಿಭಾಗ ಅಂದರೆ ಈ ಬೀದಿಯೊಂದೇ ಅಲ್ಲ. ಹಿಂದಿನ ಕಾಳಿನ ಮಂಡಿ, ದೊಡ್ಡ ಬಟ್ಟೆ ಅಂಗಡಿಗಳು, ಗಾಜಿನ ಕಟ್ಟಡಗಳು, ಎಲ್ಲ ಸೇರಿ. ಅಲ್ಲಿಯವರಿಗೆಲ್ಲ ಲೆಕ್ಕ ನೋಡಲು ಸಂಬಳದ ಜನ ಇರುತ್ತಾರೆ, ಅವರೇ ಹೋಗಿ ಕಟ್ಟಿ ಬರುತ್ತಾರೆ.

ಬಣ್ಣದಕ್ಕ ತಗಡಿಗೆ ಬಿಳಿ ಬಳಿದು ಒಣಗಿಸಿ, ದಾರಕ್ಕೆ ಸೀಮೆಸುಣ್ಣ ಸವರಿ ಗೆರೆ ಹೊಡೆದು, ಅಕ್ಷರ ಕೂಡಿಸಲು ನೋಡಿದಳು. ಕೂಡಲಿಲ್ಲ. 'ಮಾರುಕಟ್ಟೆ' ಅನ್ನುವುದರ ಒತ್ತು ಕೆಳಗಿನ ಸಾಲಿಗೆ ಕಾಲು ಚಾಚುತ್ತಿತ್ತು. 'ವಿಭಾಗದ' ಅಂಚಿನಿಂದಾಚೆ ಜಾರುತ್ತಿತ್ತು. ಅಕ್ಷರ ಸಣ್ಣದು ಮಾಡಿದರೆ ದೂರದಿಂದ ಕಾಣುವುದಿಲ್ಲ. ಮೂರ್ನಾಲ್ಕು ಸಲ ಅಳಿಸಿದಳು, ಬರೆದಳು. ಕೊನೆಗೆ ಎರಡೂ ಪದ ತೆಗೆದು 'ಬೀದಿಯ' ಎಂದು ಹಾಕಿದಳು. ಅಳತೆ ಕೊಟ್ಟು ಹೊಲಿಸಿದ ಅಂಗಿಯ ಹಾಗೆ ಕೂತುಬಿಟ್ಟಿತು. ಸುಳ್ಳು ಬರೆದೆನೆಂದು ಆಗ ಅವಳಿಗೆ ಅನಿಸಲೇ ಇಲ್ಲ. ಅಂದವಾಗಿ ಬಂತು ಅನಿಸಿತು, ಅಷ್ಟೆ. 'ನೀವು?' ಅನ್ನುವುದನ್ನು ಕೆಂಪಿನಲ್ಲಿ ಬರೆದಳು.

ಅಧಿಕಾರಿ ಬಂದು ಓದಿದ. ಕನ್ನಡಕ ಒರೆಸಿಕೊಂಡು ಇನ್ನೊಮ್ಮೆ ಓದಿದ. "ಅಕ್ಷರ ಮುದ್ದಾಗಿದೆ," ಅಂದು ತಗಡನ್ನು ಆಟೋದಲ್ಲಿ ಹಾಕಿಸಿಕೊಂಡು ಹೋದ.

ಬೋರ್ಡು ನಿಂತ ದಿನ ಬೆಳಿಗ್ಗೆ ಬೇಕರಿಯವನು ಮೊದಲು ಓದಿದ್ದು. "ಹತ್ತರಲ್ಲಿ ಎಂಟಂತೆ ನೋಡ್ರೋ! ಈ ಬೀದಿಯಲ್ಲಿ!" ಎಂದು ಹೊಟ್ಟೆ ಹಿಡಿದುಕೊಂಡು ನಕ್ಕ. ಸುತ್ತ ನಿಂತವರೂ ನಕ್ಕರು. ಆಮೇಲೆ ಅವನು ಒಬ್ಬೊಬ್ಬರ ಮುಖ ನೋಡಿದ. ನಗು ಅರ್ಧಕ್ಕೇ ನಿಂತಿತು. ಉಳಿದವರೂ ಹಾಗೇ ಒಬ್ಬರನ್ನೊಬ್ಬರು ನೋಡಿಕೊಂಡರು. ಹತ್ತರಲ್ಲಿ ಕಟ್ಟದವರು ಇಬ್ಬರು. ಅದರಲ್ಲೊಬ್ಬ ತಾನು. ಹಾಗಾದರೆ ಇನ್ನೊಬ್ಬ ಯಾರು? ಉಳಿದ ಈ ಎಂಟು ಯಾರು? ಅಂಗಡಿ ತೆರೆಯುವ ಹೊತ್ತಾಯಿತೆಂದು ಎಲ್ಲರೂ ಒಟ್ಟಿಗೇ ಹೊರಟರು, ಆದರೆ ಜೊತೆಯಾಗಿ ನಡೆಯಲಿಲ್ಲ.

ಮಧ್ಯಾಹ್ನ ಬೀಗದಣ್ಣ ತಂಗಿಯ ಅಂಗಡಿಗೆ ಬಂದ. ಹಿಂದೆ ಬೇಕರಿಯವನು, ಕ್ಷೌರಿಕ.

"ನೀನೇ ಬರೆದದ್ದಲ್ವಾ? ಅವರು ಹಾಗೇ ಹೇಳಿದ್ರಾ? ಈ ಬೀದಿ ಅಂತ?"

ಆಗಲೇ ಹೇಳಿಬಿಡಬಹುದಿತ್ತು. ಆದರೆ ಬೇಕರಿಯವನು ತನ್ನ ಹೊಸ ಬೋರ್ಡು ಇವಳಿಗೆ ಕೊಡುತ್ತೇನೆ ಎಂದಿದ್ದ. ಹೇಳಿದ್ದೊಂದು ಬರೆದದ್ದೊಂದು ಅಂತ ತಿಳಿದರೆ ಬೋರ್ಡು ಬರೆಯುವವಳ ಹತ್ತಿರ ಯಾರು ಬರುತ್ತಾರೆ? ಅದೂ ಅಲ್ಲದೆ ಅಣ್ಣನ ದನಿಯಲ್ಲಿ ವಿಚಾರಣೆ ಮಾಡುವ ಗತ್ತಿತ್ತು. ಅದು ಅವಳಿಗೆ ಚಿಕ್ಕಂದಿನಿಂದ ಆಗದು.

"ಕೊಟ್ಟಿದ್ದು ಬರೆದೆ, ಅಣ್ಣ," ಅಂದುಬಿಟ್ಟಳು.

"ಅಂದಮೇಲೆ ಕಚೇರಿಯವರೇ ಎಣಿಸಿ ಹೇಳಿದಾರೆ," ಅಂದ ಕ್ಷೌರಿಕ ಮೆಲ್ಲಗೆ.

ಮೊದಲ ಏಟು ಬಿದ್ದದ್ದು ಹರಿಶ್ಚಂದ್ರನಿಗೆ. ಕೇಳುವುದೇ ಬೇಡ, ಆ ಎಂಟರಲ್ಲಿ ಅವನಂತೂ ಇದ್ದೇ ಇರಬೇಕು, ಹೆಸರೇ ಸಾಕ್ಷಿ. ಕ್ಷೌರದಂಗಡಿಯಲ್ಲಿ ಅವನ ಸರದಿ ಬಂದಾಗಲೆಲ್ಲ ಕುರ್ಚಿಗೆ ಬೇರೆ ಯಾರೋ ಸಿಗುತ್ತಿದ್ದರು. ಬೇಕರಿಯಲ್ಲಿ ಬನ್ನು ಖಾಲಿಯಾಗಿರುತ್ತಿತ್ತು, ಗಾಜಿನ ಹಿಂದೆ ಕಾಣುತ್ತಿದ್ದರೂ. "ನಾನು ಕಟ್ಟಿಲ್ಲ ಕಣ್ರೋ, ಮಕ್ಕಳಾಣೆ" ಎಂದು ಅವನು ಅಂಗಡಿ ಅಂಗಡಿಗೂ ಹೋಗಿ ಹೇಳಿದ. ಅಷ್ಟು ಹೇಳುವುದು ನೋಡಿದರೇ ಗೊತ್ತಾಗುವುದಿಲ್ಲವೇ ಎಂದರು ಜನ. ಒಂದು ದಿನ ಅವನು ಬಣ್ಣದಕ್ಕನ ಅಂಗಡಿಯ ಮುಂದೆ ನಿಂತು ಹೇಳಿದ:

"ಅಕ್ಕ, ತಿನ್ನದೇ ಹೋದರೂ ತಿಂದೆ ಅಂತ ಹೊಡೀತಿದಾರೆ. ಇಷ್ಟು ಹೊಡೆಸಿಕೊಂಡ ಮೇಲೆ ತಿಂದೇ ಬಿಡೋದು ಮೇಲು."

ಅವಳು ಬ್ರಷ್ಷನ್ನು ಟರ್ಪೆಂಟೈನಿನಲ್ಲಿ ಅದ್ದಿ ತೊಳೆಯುತ್ತಲೇ ಇದ್ದಳು. ಏನಾದರೂ ಹೇಳಬೇಕು ಅನಿಸಿತು. ಅಷ್ಟರಲ್ಲಿ ಅವನು ಹೊರಟಾಗಿತ್ತು.

ಅನುಮಾನ ಅನ್ನುವುದು ಗೆದ್ದಲಿದ್ದ ಹಾಗೆ. ಒಂದು ಮರ ಮುಗಿಸಿ ಅಲ್ಲಿಗೇ ನಿಲ್ಲುವುದಿಲ್ಲ. ಬೇಕರಿಯವನು ಒಂದು ಬೆಳಿಗ್ಗೆ ಅಂಗಡಿಯನ್ನು ಹೆಂಡತಿಗೆ ಬಿಟ್ಟು ಎಲ್ಲಿಗೋ ಹೋಗಿ ಬಂದ. ಎಲ್ಲಿಗೆ ಅಂದರೆ, ಹಲ್ಲು ಕೀಳಿಸಲು. "ಯಾವ ಹಲ್ಲು?" ಎಂದ ಕ್ಷೌರಿಕ. "ದವಡೆ ಹಲ್ಲು." ಅದೇ ಸಂಜೆ ಅವನು ಗಟ್ಟಿ ರಸ್ಕನ್ನು ಕಟಕಟ ಕಡಿಯುತ್ತಿದ್ದುದನ್ನು ಎದುರಿನ ಟೈಲರು ನೋಡಿದ, ನೋಡಿದ್ದನ್ನು ನಾಲ್ಕು ಜನಕ್ಕೆ ಹೇಳಿದ. ಟೈಲರು ತಾನೇ ಯಾಕೆ ಅಷ್ಟು ಕಣ್ಣಿಟ್ಟು ನೋಡುತ್ತಿದ್ದ ಎಂದು ಆ ನಾಲ್ಕು ಜನ ಯೋಚಿಸಿದರು. ಬೀದಿಯಲ್ಲಿ ಮೊದಲು ಒಬ್ಬರು ಊಟಕ್ಕೆ ಹೋದರೆ ಪಕ್ಕದವರು ಅಂಗಡಿ ನೋಡಿಕೊಳ್ಳುತ್ತಿದ್ದರು. ಈಗ ಪ್ರತಿಯೊಬ್ಬರೂ ಹೋಗುವಾಗ ಶಟರ್ ಎಳೆದು ಹೋಗತೊಡಗಿದರು. ಬೀಗದಣ್ಣನಿಗೆ ಮಾತ್ರ ಹೊಸ ಬೀಗಗಳ ವ್ಯಾಪಾರ ಜೋರಾಯಿತು.

ಈ ಗೊಂದಲದಲ್ಲಿ ನಿಜ ಬಲ್ಲವಳು ಒಬ್ಬಳೇ. ಸುಳ್ಳು ಅವಳ ಬ್ರಷ್ಷಿನ ತುದಿಯಿಂದ ಬಂದದ್ದು. ಅವಳಾದರೂ ನಿಶ್ಚಿಂತೆಯಿಂದ ಇರಬೇಕಿತ್ತಲ್ಲ? ಇರಲಾಗಲಿಲ್ಲ. ಒಂದು ಮಾತು ಅವಳನ್ನು ಕೊರೆಯತೊಡಗಿತ್ತು. ಅಧಿಕಾರಿ ಎರಡು ಸಲ ಓದಿದ್ದನಲ್ಲ. ತಪ್ಪಿದ್ದರೆ ಹೇಳುತ್ತಿರಲಿಲ್ಲವೆ? ತಾನು ಜಾಗ ಸಾಲದೆಂದು ಬರೆದದ್ದು ಅಕಸ್ಮಾತ್ತಾಗಿ ನಿಜವೇ ಆಗಿದ್ದರೆ? ಒಳಗೊಳಗೇ ಎಲ್ಲರೂ ಕಟ್ಟಿ ಕೂತಿದ್ದು, ತಾನೊಬ್ಬಳೇ ದಡ್ಡಿಯಂತೆ ಉಳಿದಿದ್ದರೆ? ದಿನಕ್ಕೆ ನಾಲ್ಕು ಸಲ ಆ ಬೋರ್ಡಿನ ಕೆಳಗೆ ಹಾದುಹೋಗುವಾಗ, ತಾನೇ ಬರೆದ ಕೆಂಪು 'ನೀವು?' ಯಾರೋ ಬೇರೆಯವರು ಬರೆದ ಹಾಗೆ ಅವಳನ್ನು ಕೇಳುತ್ತಿತ್ತು.

ಅದೇ ಸಮಯಕ್ಕೆ ಅತ್ತಿಗೆ, ಅಂದರೆ ಬೀಗದಣ್ಣನ ಹೆಂಡತಿ, ಸಂತೆಯಿಂದ ಬರುವಾಗ ಅಂಗಡಿಯಲ್ಲಿ ಐದು ನಿಮಿಷ ಕೂತಳು. ಚೀಲ ಇಳಿಸಿ ಸೆರಗಿನಲ್ಲಿ ಗಾಳಿ ಹಾಕಿಕೊಳ್ಳುತ್ತ ಅಂದಳು:

"ನಿಮ್ಮಣ್ಣಂಗೆ ಏನಾಗಿದೆಯೋ. ಬೆಳಿಗ್ಗೆ ಬೆಳಿಗ್ಗೆ ಇಸ್ತ್ರಿ ಅಂಗಿ ಕೇಳ್ತಾರೆ. ಬೀಗ ಉಜ್ಜೋಕೆ ಇಸ್ತ್ರಿ ಅಂಗಿ ಯಾಕೆ ಅಂದರೆ, ನಿನಗ್ಯಾಕೆ ಅಂತಾರೆ. ಬೀರುವಿನಲ್ಲಿ ಇಟ್ಟಿದ್ದ ದುಡ್ಡೂ ಕಾಣಲಿಲ್ಲ."

"ಹಾಗಾ, ಅತ್ತಿಗೆ," ಅಂದಳು ಬಣ್ಣದಕ್ಕ. ಗೋಡೆಯಾಚೆ ಅರದ ಸದ್ದು ಆ ಹೊತ್ತಿಗೆ ಇರಲಿಲ್ಲ. ಈಚೆಗೆ ಬೆಳಗಿನ ಹೊತ್ತು ಇರುತ್ತಲೇ ಇರಲಿಲ್ಲ ಎಂಬುದು ಆಗ ಅವಳಿಗೆ ಹೊಳೆಯಿತು.

ಮರುದಿನ ಅವಳು ಬಣ್ಣದ ಡಬ್ಬಿ ತರುವ ನೆಪ ಮಾಡಿ ಅಣ್ಣನ ಹಿಂದೆ ಹೋದಳು. ಅವನು ದೊಡ್ಡ ರಸ್ತೆ ಹಿಡಿಯಲಿಲ್ಲ. ಆಸ್ಪತ್ರೆಯ ಹಿಂದಿನ ಓಣಿಯಲ್ಲಿ ನುಸುಳಿ, ಒಮ್ಮೆ ಹಿಂದಿರುಗಿ ನೋಡಿ, ತೆರಿಗೆ ಕಚೇರಿಯ ಪಕ್ಕದ ಬಾಗಿಲಿನಲ್ಲಿ ಒಳಹೊಕ್ಕ. ಅವಳು ಸೈಕಲ್ ನಿಲ್ಲಿಸುವ ಜಾಗದ ಕಂಬಕ್ಕೆ ಒರಗಿ ನಿಂತಳು. ತುಂಬ ಹೊತ್ತಿನ ಮೇಲೆ ಅವನು ಹೊರಬಂದ. ಬೆವರು ಒರೆಸಿಕೊಂಡು, ಅಂಗಿಯ ಜೇಬನ್ನು ಒಮ್ಮೆ ಮುಟ್ಟಿ ನೋಡಿಕೊಂಡು ಹೋದ.

ಬಣ್ಣದಕ್ಕ ಕಂಬ ಬಿಟ್ಟು ಈಚೆ ಬಂದಳು. ಎಲ್ಲರ ಕೈ ತನ್ನ ಕೈ ಮೇಲೆ ಇಡಿಸಿಕೊಂಡವನು! ಗಂಡಸರ ಥರ ಅಂದವನು! ಬೇರೆಯವರಿಗೆ ಹೇಳದಿದ್ದರೆ ಹೋಗಲಿ, ಗೋಡೆಯ ಈಚೆ ಇರುವ ತಂಗಿಗೆ ಒಂದು ಮಾತು ಬೇಡವೆ? ಅವನೇ ಕಟ್ಟಿದಮೇಲೆ ಬೋರ್ಡಿನಲ್ಲಿ ಸುಳ್ಳೆಲ್ಲಿಂದ ಬಂತು? ಅವಳು ಮನೆಗೆ ಹೋಗಿ ದುಡ್ಡು ತಂದು ಅವತ್ತೇ ಕಟ್ಟಿದಳು. ತಲೆಗೆ ಸೆರಗು ಎಳೆದುಕೊಂಡು, ಯಾರದೋ ಸಾವಿಗೆ ಹೋದವಳ ಹಾಗೆ ಸಾಲಿನಲ್ಲಿ ನಿಂತಳು.

ಕೌಂಟರಿನ ಗುಮಾಸ್ತ ದಪ್ಪ ಮನುಷ್ಯ, ಮಾತುಗಾರ. ಅಂಗಡಿಯ ವಿಳಾಸ ನೋಡುತ್ತಲೇ ಹುಬ್ಬೇರಿಸಿದ. "ಓಹೋ, ಮತ್ತೆ ಅದೇ ಬೀದಿ! ಏನಮ್ಮ, ಎಲ್ಲರಿಗೂ ಒಟ್ಟಿಗೇ ಜ್ಞಾನೋದಯ ಆಯ್ತಾ? ಇಷ್ಟು ವರ್ಷದಲ್ಲಿ ಯಾರೋ ಒಬ್ಬರು ಎಂದೋ ಒಂದು ಸಲ ಬಂದದ್ದು ಬಿಟ್ಟರೆ ಆ ಕಡೆಯಿಂದ ಒಂದು ನರಪಿಳ್ಳೆ ಬಂದಿರಲಿಲ್ಲ. ಈ ಬೋರ್ಡು ಹಾಕಿದ ಮೇಲೆ ದಿನಾ ಒಬ್ಬರಲ್ಲ ಒಬ್ಬರು."

ಬಣ್ಣದಕ್ಕ ಸೆರಗು ಸರಿಸಿ ಕೌಂಟರಿನತ್ತ ಬಗ್ಗಿದಳು. "ಬೋರ್ಡು ಹಾಕೋಕೆ ಮುಂಚೆ ಯಾರೂ ಬಂದಿರಲಿಲ್ವಾ?"

"ಎಲ್ಲಿಂದ ಬರ್ತಾರೆ!"

"ಬೀಗದಣ್ಣ? ಅವರು ಕಟ್ಟಿದಾರಾ?"

"ಬೇರೆಯವರದ್ದು ಹೇಳೋ ಹಾಗಿಲ್ಲಮ್ಮ," ಎಂದು ಗುಮಾಸ್ತ ರಶೀದಿ ಹರಿದು ಕೊಟ್ಟ.

ರಶೀದಿಯನ್ನು ಪರ್ಸಿನಲ್ಲಿ ಮಡಚಿಟ್ಟು ಅವಳು ಹೊರಟಳು. ಎರಡು ಪದ ಹಿಡಿಸಲಿಲ್ಲವೆಂದು ಒಂದು ಪದ ಹಾಕಿದ್ದಕ್ಕೆ ಇಡೀ ಬೀದಿ ಕಳ್ಳಹೆಜ್ಜೆಯಲ್ಲಿ ನಡೆಯುತ್ತಿದೆ. ಬೇರೆಯವರು ಹೋಗಲಿ, ಸುಳ್ಳೆಂದು ಗೊತ್ತಿದ್ದೂ ತಾನೇ ಹೋಗಿ ಕಟ್ಟಿ ಬಂದಳಲ್ಲ! ಇದಕ್ಕಿಂತ ಹಾಸ್ಯ ಉಂಟೆ? ಅಂಗಡಿಗೆ ಹೋಗದೆ ನೇರವಾಗಿ ಅಣ್ಣನ ಮುಂದೆ ನಿಂತಳು.

"ಅಣ್ಣ, ಬೋರ್ಡಿನಲ್ಲಿ ಬೀದಿ ಅಂತ ಬರೆದದ್ದು ನಾನೇ. ಅವರು ಹೇಳಿದ್ದು ಮಾರುಕಟ್ಟೆ ವಿಭಾಗ ಅಂತ. ಜಾಗ ಸಾಲಲಿಲ್ಲ."

ಬೀಗದಣ್ಣ ಹಿಡಿದಿದ್ದ ಅರವನ್ನು ಕೆಳಗಿಟ್ಟ. ಅವಳ ತಲೆಯ ಮೇಲಿನ ಸೆರಗನ್ನು ನೋಡಿದ, ಕೈಯಲ್ಲಿದ್ದ ಪರ್ಸನ್ನು ನೋಡಿದ.

"ಎಲ್ಲಿಂದ ಬರ್ತಿದೀಯ?"

"ನೀನು ಹೋಗಿದ್ದಲ್ಲಿಂದಲೇ."

"ಅಂದರೆ ಕಟ್ಟಿ ಬಂದೆ. ಕಟ್ಟಿದ್ದಕ್ಕೆ ಈಗ ಕಥೆ ಕಟ್ತಿದೀಯ."

"ಮತ್ತೆ ನೀನು? ನಾನು ಕಣ್ಣಾರೆ ನೋಡಿದೆ."

"ನೋಡಿದ್ಯಾ? ಒಳಗೆ ಬಂದು ನೋಡಬೇಕಿತ್ತು," ಅವನ ದನಿ ಏರಿತು. "ಆ ಕನ್ನಡಕದವನ ಮುಂದೆ ದಿನಾ ನಿಂತಿದೀನಿ, ಯಾರು ಕಟ್ಟಿದಾರೆ ಹೇಳು ಅಂತ. ಬಾಯಿ ಬಿಡಿಸೋಕೆ ಬೀರುವಿನ ದುಡ್ಡೂ ಜೇಬಲ್ಲಿಟ್ಟುಕೊಂಡು ಹೋಗಿದ್ದೆ. ಮುಟ್ಟಲಿಲ್ಲ ಅವನು. ಕನ್ನಡಕ ಒರೆಸಿಕೊಂಡು, ನೀವು ಯಾವಾಗ ಕಟ್ತೀರಿ ಅಂತಾನೆ!"

ಅವನು ಹೇಳಿದ್ದನ್ನು ಅವಳು ನಂಬಬೇಕೆಂದುಕೊಂಡಳು. ಪೂರ್ತಿ ಆಗಲಿಲ್ಲ. ಅವನಿಗೂ ಹಾಗೇ ಆಗಿರಬೇಕು.

"ನಿಜಾನೇ ಆದರೆ," ಅಂದ ಬೀಗದಣ್ಣ ಕೊನೆಗೆ, "ನಾಲ್ಕು ಜನರ ಮುಂದೆ ಹೇಳು."

ನಾಲ್ಕು ಜನ ಅಂದರೆ ಕ್ಷೌರದಂಗಡಿ. ಸಂಜೆ ಅಲ್ಲಿ ಬೇಕರಿಯವನು, ಟೈಲರು, ಹರಿಶ್ಚಂದ್ರ, ಇನ್ನೂ ಹಲವರು ಸೇರಿದರು. ಬಣ್ಣದಕ್ಕ ಕನ್ನಡಿಗೆ ಬೆನ್ನು ಮಾಡಿ ನಿಂತು ಎಲ್ಲ ಹೇಳಿದಳು: ಬಾಯಲ್ಲಿ ಹೇಳಿದ್ದು ಏನು, ತಗಡಿಗೆ ಬಂದದ್ದು ಏನು, ಆಮೇಲೆ ತಾನು ಮುಚ್ಚಿಟ್ಟದ್ದು ಯಾಕೆ. ಹೇಳುವಾಗ ಬೆವರಿದಳು. ಹೇಳಿ ಮುಗಿಸಿದ ಮೇಲೆ ಬೈಗುಳ ಬೀಳುತ್ತದೆಂದು ಕಾದಳು.

ಬೈಗುಳ ಬೀಳಲಿಲ್ಲ. ಬೇಕರಿಯವನು ತಲೆಯಾಡಿಸಿದ. "ಇಲ್ಲ ಬಣ್ಣದಕ್ಕ, ನಿಮಗೆ ಮರೆವು. ಅವರು ಬೀದಿ ಅಂತಲೇ ಹೇಳಿರ್ತಾರೆ."

"ಸರ್ಕಾರದವರು ಲೆಕ್ಕ ಇಲ್ಲದೆ ಬೋರ್ಡು ನಿಲ್ಲಿಸ್ತಾರಾ?" ಅಂದ ಕ್ಷೌರಿಕ, ಕತ್ತರಿ ಕೈಯಲ್ಲೇ ಹಿಡಿದು.

"ಬೀಗದಣ್ಣ ಹೇಳಿಕೊಟ್ಟಿರಬೇಕು," ಅಂದ ಟೈಲರು. "ನಮ್ಮನ್ನೆಲ್ಲ ಹಿಡಿದಿಟ್ಟುಕೊಳ್ಳೋಕೆ."

"ಇಲ್ಲಾರೀ, ದೇವರಾಣೆಗೂ ನಾನೇ..."

"ಇಷ್ಟು ಒತ್ತಿ ಹೇಳಬೇಡಿ ಅಕ್ಕ," ಅಂದ ಹರಿಶ್ಚಂದ್ರ, ಬೆಂಚಿನ ತುದಿಯಿಂದ. "ಈ ಬೀದಿಯಲ್ಲಿ ಒತ್ತಿ ಹೇಳಿದರೆ ಏನಾಗುತ್ತೆ ಅಂತ ನನ್ನ ಕೇಳಿ."

ಅವಳಿಗೆ ಮೊದಲು ದಿಗ್ಭ್ರಮೆಯಾಯಿತು, ಆಮೇಲೆ ನಿಧಾನವಾಗಿ ಅರ್ಥವಾಯಿತು. ಬೋರ್ಡು ನಿಜವಾದರೆ ಇವರೆಲ್ಲ ಹತ್ತರ ಜೊತೆ ಹನ್ನೊಂದು. ಊರು ಹೋದ ದಾರಿಯಲ್ಲಿ ಹೋದವರು. ಬೋರ್ಡು ಸುಳ್ಳಾದರೆ ಒಬ್ಬೊಬ್ಬನೂ ತಾನೇ ತಾನಾಗಿ ಮಾತು ಮುರಿದವನು. ಯಾವನು ತಾನೆ ಅದನ್ನು ಸುಳ್ಳಾಗಲು ಬಿಡುತ್ತಾನೆ? ಅವಳು ಅಣ್ಣನ ಕಡೆ ತಿರುಗಿದಳು. ಬೀಗದಣ್ಣ ಬಾಗಿಲ ಚೌಕಟ್ಟಿಗೆ ಒರಗಿ ನಿಂತಿದ್ದ. ತಂಗಿಯನ್ನು ಅವನು ನೋಡುತ್ತಲೇ ಇರಲಿಲ್ಲ. ಬೋರ್ಡಿನ ಪರವಾಗಿ ಬಾಯಿ ತೆರೆದ ಒಬ್ಬೊಬ್ಬರ ಮುಖವನ್ನೂ, ಬೀಗದ ಒಳಗೆ ತಂತಿ ಬಿಟ್ಟು ತಡಕುವ ಹಾಗೆ, ಸಾವಕಾಶವಾಗಿ ನೋಡುತ್ತಿದ್ದ. ಒಂದು ಮಾತೂ ಆಡದೆ ಹೊರಟುಹೋದ.

ಮರುದಿನ ಬೆಳಿಗ್ಗೆ ಬೀದಿ ಪೂರ್ತಿ ತೆರೆದ ಮೇಲೆ ಅವನು ರಸ್ತೆಯ ನಡುವೆ ಬಂದು ನಿಂತ. ಮೈಮೇಲೆ ಇಸ್ತ್ರಿ ಅಂಗಿ.

"ಕೇಳ್ರಪ್ಪ! ನಾನು ತೆರಿಗೆ ಕಟ್ಟೋಕೆ ಹೋಗ್ತಿದೀನಿ. ಓಣಿಯಲ್ಲಲ್ಲ, ದೊಡ್ಡ ರಸ್ತೆಯಲ್ಲೇ. ಕಟ್ಟಿದ ಮೇಲೆ ಚರಂಡಿ ಯಾವಾಗ ಅಂತ ಅಲ್ಲೇ ನಿಂತು ಕೇಳ್ತೀನಿ. ನನ್ನ ಹಾಗೆ ಇನ್ನೂ ಕಟ್ಟದವರು ಯಾರಿದೀರೋ ಬನ್ನಿ."

ಇನ್ನೂ ಕಟ್ಟದವರು! ಹೋಗದೆ ಕೂತರೆ ಆಗಲೇ ಕಟ್ಟಿದವನೆಂದು ಒಪ್ಪಿಕೊಂಡ ಹಾಗೆ. ಮೊದಲು ಬೇಕರಿಯವನು ಕೈ ಒರೆಸಿಕೊಂಡು ಇಳಿದ. ಕ್ಷೌರಿಕ ಗಿರಾಕಿಯ ಅರ್ಧ ಗಡ್ಡವನ್ನು ಹಾಗೇ ಬಿಟ್ಟು ಬಂದ. ಟೈಲರು ಕೊರಳಲ್ಲಿ ಅಳತೆಯ ಪಟ್ಟಿ ನೇತಾಡುತ್ತಿದ್ದಂತೆಯೇ ಬಂದ. ಹರಿಶ್ಚಂದ್ರನೂ ಬಂದ, ನಗುವನ್ನು ಬಿಗಿಹಿಡಿದುಕೊಂಡು. ಬಣ್ಣದಕ್ಕ ಎಲ್ಲರಿಗಿಂತ ಹಿಂದೆ. ಹೀಗೆ ಎಲ್ಲರೂ ಅಂದೇ ಮೊದಲು ಕಟ್ಟುವವರ ಮುಖ ಹಾಕಿಕೊಂಡು ಮೆರವಣಿಗೆ ಹೊರಟರು.

ಬೀಗದಣ್ಣ ಮೊದಲು ಕಟ್ಟಿದ. ಅವನ ಹಿಂದೆ ಬೇಕರಿಯವನು ಕೌಂಟರಿನ ಮುಂದೆ ನಿಂತು ಏನೋ ಗೊಣಗಿದ. ದಪ್ಪ ಗುಮಾಸ್ತ ತಲೆಯೆತ್ತಿ ನೋಡಿ ಇಡೀ ಹಜಾರಕ್ಕೆ ಕೇಳುವ ಹಾಗೆ ಹೇಳಿದ:

"ನೀವು ಯಾಕ್ರೀ ಮತ್ತೆ ಬಂದ್ರಿ? ನಿಮ್ಮದು ಆಗಲೇ ಆಗಿದೆಯಲ್ಲ! ಅಯ್ಯೋ, ಇವರದ್ದೂ ಆಗಿದೆ. ಕೊರಳಲ್ಲಿ ಟೇಪು ಹಾಕಿಕೊಂಡಿರೋ ನಿಮ್ಮದೂ ಆಗಿದೆ. ಏನ್ರೀ ಇದು, ಎರಡೆರಡು ಸಲ ಕಟ್ಟೋ ಜನಾನ ನಾನು ಎಲ್ಲೂ ನೋಡಿಲ್ಲ!"

ಟೈಲರು ಟೇಪನ್ನು ಕೊರಳಿಂದ ಎಳೆದು ಜೇಬಿಗೆ ತುರುಕಿದ. ಆಮೇಲೆ ಹರಿಶ್ಚಂದ್ರ ಕೈಲಾಗದೆ ನಕ್ಕುಬಿಟ್ಟ. "ಸಲಾಮು ಹರಿಶ್ಚಂದ್ರರೇ," ಎಂದು ಬೇಕರಿಯವನ ಮುಂದೆ ಸೊಂಟ ಬಗ್ಗಿಸಿದ. "ಸಲಾಮು ಹರಿಶ್ಚಂದ್ರರೇ," ಎಂದು ಕ್ಷೌರಿಕನ ಮುಂದೆ ಬಗ್ಗಿದ. ಬೇಕರಿಯವನ ಕಿವಿ ಕೆಂಪಾದವು. ಕ್ಷೌರಿಕ ಮೊದಲು ನಕ್ಕ, ಆಮೇಲೆ ಟೈಲರು, ಆಮೇಲೆ ಬೇರೆ ದಾರಿ ಕಾಣದೆ ಎಲ್ಲರೂ. ಬೀಗದಣ್ಣ ನಗಲಿಲ್ಲ. "ಸರಿ, ಇಷ್ಟು ಜನ ಕಟ್ಟಿದೀವಿ. ಚರಂಡಿ ನೋಡೋ ಎಂಜಿನಿಯರ್ ಎಲ್ಲಿ?" ಎಂದು ಎಲ್ಲರನ್ನೂ ಮಹಡಿಗೆ ಕರೆದುಕೊಂಡು ಹೋದ. ಅಷ್ಟು ಜನ ಒಟ್ಟಿಗೇ ಬಾಗಿಲಲ್ಲಿ ನಿಂತದ್ದು ಕಂಡು ಎಂಜಿನಿಯರ್ ಕುರ್ಚಿಯಿಂದ ಎದ್ದು ನಿಂತ. ಅದೇ ವಾರ ಹೊಸ ಚಪ್ಪಡಿ ಬಂತು. ಹಾಕಿದ್ದು ಸ್ವಲ್ಪ ಓರೆಯಾಗಿ, ಆದರೆ ನೀರು ಕೆಳಗೆ ಹೋಯಿತು.

ಎಲ್ಲರೂ ಮಹಡಿಗೆ ಹೋದಾಗ ಬಣ್ಣದಕ್ಕ ಕೆಳಗೇ ಉಳಿದಿದ್ದಳು. ಕನ್ನಡಕದ ಅಧಿಕಾರಿ ಅವಳ ಹತ್ತಿರ ಬಂದ.

"ಒಳ್ಳೇ ಬೋರ್ಡಮ್ಮ. ಇನ್ನೂ ನಾಲ್ಕಾರು ಬೀದಿಗೆ ಬೇಕು. ಅದೇ ಥರ ಬರೀರಿ. 'ಬೀದಿ' ಅಂತಾನೇ."

ಅವಳು ಅವನ ಮುಖವನ್ನೇ ನೋಡಿದಳು. "ಹಾಗಾದರೆ ನಿಮಗೆ ಅವತ್ತೇ ಗೊತ್ತಾಗಿತ್ತು."

"ಏನು ಗೊತ್ತಾಗಿತ್ತು?" ಅವನು ಕನ್ನಡಕ ತೆಗೆದ. ಬರಿಗಣ್ಣಿನಲ್ಲಿ ಅವನ ಮುಖದಿಂದ ಏನೂ ಓದಲಾಗುತ್ತಿರಲಿಲ್ಲ.

"ಮೊದಲು ಆ ಬೀದಿಗಳಲ್ಲಿ ಎಷ್ಟು ಜನ ಕಟ್ಟಿದಾರೆ ಎಣಿಸಿ ಕೊಡಿ. ಆಮೇಲೆ ಬರೀತೀನಿ."

"ಎಣಿಸಿದರೆ ಬರೆಯೋಕೆ ಏನೂ ಇರಲ್ಲಮ್ಮ," ಅಂದ ಅವನು, ನಕ್ಕನೋ ಇಲ್ಲವೋ ತಿಳಿಯಲಿಲ್ಲ. ಆ ಕೆಲಸವನ್ನು ಅವಳು ಮಾಡಲಿಲ್ಲ. ಮುಂದಿನ ತಿಂಗಳು ಬೇರೆ ಬೀದಿಗಳ ತಲೆಯಲ್ಲಿ ಮೆಷಿನ್ನಿನಲ್ಲಿ ಪ್ರಿಂಟು ಮಾಡಿದ ಬೋರ್ಡುಗಳು ಕಂಡವು.

ಕಚೇರಿಯಿಂದ ವಾಪಸು ಬರುವಾಗ ಅಣ್ಣ ತಂಗಿ ಉಳಿದವರಿಂದ ಹಿಂದೆ ಬಿದ್ದರು. ಮುಂದೆ ಜನ ಒಬ್ಬರನ್ನೊಬ್ಬರು ಹರಿಶ್ಚಂದ್ರ ಎಂದು ಕೂಗುತ್ತ, ಬೆನ್ನಿಗೆ ಗುದ್ದುತ್ತ ಹೋಗುತ್ತಿದ್ದರು. ಆ ನಗುವಿನಲ್ಲೂ ಪ್ರತಿಯೊಬ್ಬನೂ ಪಕ್ಕದವನು ಮೊದಲು ಯಾವ ದಿನ ಬಂದಿದ್ದ ಎಂದು ಮೆಲ್ಲಗೆ ಕೆದಕುತ್ತಿದ್ದ.

"ನಿನ್ನ ಮಾತನ್ನ ನಿನ್ನೆಯೇ ನಂಬಿದ್ದೆ ಕಣೇ," ಅಂದ ಬೀಗದಣ್ಣ.

"ಮತ್ತೆ ಕಥೆ ಕಟ್ತಿದೀಯ ಅಂದೆ?"

"ಮೊದಲು ಅಂದೆ. ಆಮೇಲೆ ನಂಬಿದೆ. ಅವರ ಮುಂದೆ ನಿನ್ನ ನಿಲ್ಲಿಸಿದ್ದು ಅವರ ಮುಖ ನೋಡೋಕೆ."

ಬಣ್ಣದಕ್ಕ ನಡೆಯುತ್ತಲೇ ಅವನ ಕಡೆ ಓರೆಗಣ್ಣಿನಲ್ಲಿ ನೋಡಿದಳು. ನಂಬಿದ್ದರೆ, ಅಷ್ಟು ಜನರ ನಡುವೆ ತಾನು ಬೆವರುವಾಗ ಬೆನ್ನಿಗೆ ನಿಂತು ಒಂದು ಮಾತು ಆಡಬಾರದಿತ್ತೆ? ನಂಬದೇ ಇದ್ದರೆ, ಈಗ ನಂಬಿದ್ದೆ ಎನ್ನುವುದು ಯಾಕೆ? ಅವನ ಮುಖ ಎಂದಿನ ಹಾಗೇ ಇತ್ತು, ಅಣ್ಣನ ಮುಖ. ಕೇಳಬೇಕೆಂದು ಬಾಯಿ ತೆರೆದಳು. ಕೇಳಿದರೆ ಅವನು ಏನಾದರೂ ಹೇಳುತ್ತಾನೆ, ಹೇಳಿದ್ದನ್ನು ಮತ್ತೆ ತೂಗಿ ನೋಡಬೇಕಾಗುತ್ತದೆ.

"ಬಿಸಿಲು ಜಾಸ್ತಿ," ಅಂದಳು.

"ಹೂಂ," ಅಂದ ಅವನು, ಮತ್ತು ಇಬ್ಬರೂ ನೆರಳಿದ್ದ ಕಡೆಗೆ ರಸ್ತೆ ದಾಟಿದರು.